ಖಾಸಗಿ ಕೀಲಿಯ ಬಹಿರಂಗ ಸಂದರ್ಶನ

ಮೈಸೂರು ರಸ್ತೆಯಿಂದ ಬಾಪೂಜಿ ನಗರದ ಒಳಕ್ಕೆ ಮೂರನೇ ತಿರುವು. ಕೆಳಗೆ ಪ್ಲೈವುಡ್ ಅಂಗಡಿ, ಮೇಲೆ ಆಫೀಸು. ನಾನು ಹೋದದ್ದು ಊಟದ ಹೊತ್ತು, ಷಟರ್ ಎಳೆದಿತ್ತು. ಎದುರಿನ ಕಾಂಡಿಮೆಂಟ್ಸ್‌ನವರು "ಆಫೀಸಿಗಾ ಸಾರ್?" ಎಂದವರೇ ಬಿಸ್ಕತ್ತಿನ ಡಬ್ಬದ ಹಿಂದಿನಿಂದ ಬೀಗದ ಕೈ ತೆಗೆದುಕೊಟ್ಟರು. ಹೆಸರು ಕೇಳಲಿಲ್ಲ.

ಒಳಗೆ ಉಬುಂಟು ಹಾಕಿದ ಹಳೇ ಲ್ಯಾಪ್‌ಟಾಪ್ ತೆರೆದೇ ಇತ್ತು. ಈ ಆಫೀಸಿನ ಅಷ್ಟೂ ಲೆಕ್ಕ ಮುಂಬೈನಲ್ಲಿ ಬಾಡಿಗೆಗೆ ಹಿಡಿದ ಮೂರು ಲಿನಕ್ಸ್ ಸರ್ವರ್‌ಗಳಲ್ಲಿದೆ. ಮೂರಕ್ಕೂ ಇಲ್ಲಿಂದ ಲಾಗಿನ್ ಆಗುವುದು ಒಂದೇ ಕೀಲಿಯಿಂದ. 'ಐಡಿ_ಆರ್‌ಎಸ್‌ಎ' ಎಂಬ ಪುಟ್ಟ ಫೈಲು. ಅದು ಸಿಕ್ಕಿದ್ದು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ. ಒಂದು ಪಕ್ಕ ಯಾರದೋ ಆಧಾರ್ ಕಾರ್ಡಿನ ಪಿಡಿಎಫ್, ಇನ್ನೊಂದು ಪಕ್ಕ ಗೃಹಪ್ರವೇಶದ ಆಮಂತ್ರಣ.

ನಮಸ್ಕಾರ. ತಾವು ಖಾಸಗಿ ಕೀಲಿ. ಸಂದರ್ಶನಕ್ಕೆ ಒಪ್ಪುತ್ತೀರೆಂದು ನಾನು ನಂಬಿರಲಿಲ್ಲ.

ನನ್ನನ್ನು ಕೇಳಿದವರಾದ್ರೂ ಯಾರು? ಈ ಮನೇಲಿ ಖಾಸಗಿ ಅನ್ನೋದು ನನ್ನ ಹೆಸರಲ್ಲಿ ಮಾತ್ರ ಇರೋದು. ಕೂತ್ಕೊಳ್ಳಿ.

ಹುಟ್ಟಿದ್ದು?

2016, ಇದೇ ಮೇಜಿನ ಮೇಲೆ. ಎಸ್‌ಎಸ್‌ಎಚ್-ಕೀಜೆನ್ ಅಂತ ಒಂದು ಕಮಾಂಡು ಕೊಟ್ಟರು. ಎಲ್ಲಿಡಲಿ ಅಂತ ಕೇಳ್ತು, ಎಂಟರ್. ಪಾಸ್‌ಫ್ರೇಸ್ ಏನು ಅಂತ ಕೇಳ್ತು, ಎಂಟರ್. ಇನ್ನೊಂದು ಸಲ ಹೇಳಿ ಅಂತು, ಎಂಟರ್. ಮೂರು ಗಂಟು ಬಿತ್ತು, ಮುಗೀತು. ಆ ಪಾಸ್‌ಫ್ರೇಸ್ ಒಂದಿದ್ದಿದ್ರೆ ಕದ್ದವನ ಕೈಯಲ್ಲೂ ನಾನು ಮುಚ್ಚಿದ ಪೆಟ್ಟಿಗೆ. ಈಗ ನಾನು ಯಾರ ಕೈಗೆ ಸಿಕ್ಕರೆ ಅವರ ಸ್ವತ್ತು.

ಮನೆತನ?

ಫಿನ್‌ಲೆಂಡಿನ ಹೆಲ್ಸಿಂಕಿ. 1995ರಲ್ಲಿ ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕೂತು, ಹಾದುಹೋಗುವ ಪಾಸ್‌ವರ್ಡುಗಳನ್ನೆಲ್ಲ ಕದ್ದು ಕೇಳಿಸಿಕೊಂಡಿದ್ದರು. ದೂರದ ಕಂಪ್ಯೂಟರಿಗೆ ಲಾಗಿನ್ ಆಗೋಕೆ ಆಗ ಇದ್ದ ಟೆಲ್‌ನೆಟ್ ಪಾಸ್‌ವರ್ಡನ್ನು ಅಂಚೆ ಕಾರ್ಡಿನ ಹಾಗೆ ಬಿಡಿಸಿಯೇ ಕಳಿಸ್ತಿತ್ತು. ಅದನ್ನು ನೋಡಿ ರೋಸಿಹೋದ ತಾತು ಯುಲೊನೆನ್, ಎಲ್ಲವನ್ನೂ ಗೂಢಲಿಪಿಯಲ್ಲಿ ಕಳಿಸೋ ಎಸ್‌ಎಸ್‌ಎಚ್ ಬರೆದರು. ಹೆಸರೇ ತಾತು, ನಮಗೆ ತಾತನೇ. ಎಫ್‌ಟಿಪಿಗೆ 21, ಟೆಲ್‌ನೆಟ್‌ಗೆ 23, ನಡುವೆ 22ನೇ ಪೋರ್ಟ್ ಖಾಲಿ ಇತ್ತು. ಅದು ನನಗೆ ಬೇಕು ಅಂತ ಆ ಜುಲೈನಲ್ಲಿ ಪೋರ್ಟ್ ಹಂಚುವವರಿಗೆ ಒಂದು ಇಮೇಲ್ ಹಾಕಿದರು. ಮಾರನೇ ದಿನ ಅವರ ಹೆಸರಿಗೆ ಆಯ್ತು.

(ಬೆಂಗಳೂರಿನಲ್ಲಿ ಮನೆಯ ಖಾತಾ ಮಾಡಿಸಿಕೊಂಡವರು ಈ ವಾಕ್ಯವನ್ನು ಎರಡು ಸಲ ಓದುತ್ತಾರೆ. ನಾನೂ ಎರಡು ಸಲ ಕೇಳಿಸಿಕೊಂಡೆ.)

ನಿಮ್ಮ ದಿನದ ಕೆಲಸವೇನು?

ಸಹಿ ಹಾಕೋದು, ಅಷ್ಟೇ. ನನಗೊಬ್ಬಳು ಅವಳಿ ಇದ್ದಾಳೆ, ಸಾರ್ವಜನಿಕ ಕೀಲಿ. ಅವಳು ಸರ್ವರಿನಲ್ಲಿರ್ತಾಳೆ. ಅವಳನ್ನು ಊರಿಗೆಲ್ಲ ಹಂಚಿ, ಮೆಟ್ರೊ ಕಂಬಕ್ಕೆ ಅಂಟಿಸಿ, ಏನೂ ಆಗಲ್ಲ. ಲಾಗಿನ್ ಹೊತ್ತಿಗೆ ನಾನು ಇಲ್ಲೇ ಕೂತು ಸಹಿ ಹಾಕಿ ಕಳಿಸ್ತೀನಿ, ಅಲ್ಲಿ ಸರ್ವರು ಅವಳನ್ನು ಮುಂದಿಟ್ಟುಕೊಂಡು ಸಹಿ ತಾಳೆ ನೋಡುತ್ತೆ. ಆ ಸಹಿ ಅದೊಂದು ಸಂಪರ್ಕಕ್ಕೆ ಮಾತ್ರ. ಕದ್ದು ನಾಳೆ ತಂದರೆ ನಡೆಯಲ್ಲ. ಅಂದ್ರೆ ಏನಾಯ್ತು? ನಾನು ಹೊಸಿಲು ದಾಟೋ ಪ್ರಮೇಯವೇ ಇಲ್ಲ.

ದಾಟಿಲ್ಲವೆ?

ಒಂದು ರಾತ್ರಿ ಹನ್ನೊಂದಕ್ಕೆ ಕೆಂಗೇರಿಯಿಂದ ಹುಡುಗ ಫೋನ್ ಮಾಡಿದ: "ಸರ್ವರ್ ಡೌನ್ ಸಾರ್, ಕೀ ಕಳಿಸಿ." ನನ್ನ ಅವಳಿಯಂಥವಳೊಬ್ಬಳನ್ನು ಅವನೇ ಹುಟ್ಟಿಸಿ ಕಳಿಸಿದ್ರೆ ಸಾಕಿತ್ತು. ಇವರು ವಾಟ್ಸಾಪಿನಲ್ಲಿ ನನ್ನನ್ನೇ ಕಳಿಸಿದರು. ಅದೂ ಅವನಿಗಲ್ಲ, ಗ್ರೂಪಿಗೆ. ಆಮೇಲೆ ಪೆನ್‌ಡ್ರೈವಿನಲ್ಲಿ ವಿಜಯನಗರದ ಜೆರಾಕ್ಸ್ ಅಂಗಡಿವರೆಗೆ ಹೋಗಿ ಬಂದೆ. ನನ್ನ ಹೆಸರಿನ ಕೊನೇಲಿ ಬ್ರಾಕೆಟ್ ಹಾಕಿ 3 ಅಂತಿದೆ, ನೋಡಿದ್ರಾ? ಮೂಲ ಎಲ್ಲಿದೆಯೋ ನನಗೇ ಗೊತ್ತಿಲ್ಲ. ಕಬ್ಬಿಣದ ಬೀಗದ ಕೈ ಕಳುವಾದರೆ ಗೋಡೆಯ ಮೊಳೆ ಖಾಲಿ ಕಾಣುತ್ತೆ. ನನ್ನನ್ನು ಕದ್ದರೆ ನಾನು ಇಲ್ಲೇ ಇರ್ತೀನಿ.

ನಿಮ್ಮನ್ನು ಕಾಯುವವರು ಯಾರೂ ಇಲ್ಲವೆ?

ಎಸ್‌ಎಸ್‌ಎಚ್ ಒಂದಿದೆ, ಪಾಪ. ನನ್ನನ್ನು ಬೇರೆಯವರೂ ಓದಬಹುದು ಅಂತ ಕಂಡ್ರೆ ನನ್ನ ಕೈಲಿ ಕೆಲಸ ಮಾಡಿಸಲ್ಲ ಅಂತ ಹಟ ಹಿಡಿಯುತ್ತೆ. ಪರ್ಮಿಷನ್ 600 ಇರಬೇಕು, ಮಾಲೀಕ ಬಿಟ್ಟು ಇನ್ಯಾರೂ ಮುಟ್ಟಬಾರದು. ಇಲ್ಲಿ ಅಂಥ ಎಚ್ಚರಿಕೆ ಬಂದಾಗ ನಮ್ಮವರು 777 ಕೊಟ್ಟರು, ಎಲ್ಲರಿಗೂ ಎಲ್ಲವೂ. ಬೈಗುಳ ಇನ್ನೂ ಜೋರಾಯ್ತು. "ಲಿನಕ್ಸೇ ಸರಿ ಇಲ್ಲ" ಅಂತ ಎದ್ದು ಟೀ ಕುಡಿಯೋಕೆ ಹೋದರು.

ಸರ್ವರಿನ ಕಡೆಯಾದರೂ ಕಟ್ಟುನಿಟ್ಟಿದೆಯೆ?

'ಆಥರೈಸ್ಡ್_ಕೀಸ್' ಅಂತ ಒಂದು ಪಟ್ಟಿ ಇರುತ್ತೆ. ಒಳಗೆ ಬಿಡಬಹುದಾದವರ ಸಾರ್ವಜನಿಕ ಕೀಲಿಗಳು, ಸಾಲಿಗೊಂದು. ಇಲ್ಲಿ ಕೆಲಸಕ್ಕಿರೋದು ನಾಲ್ಕು ಜನ, ಪಟ್ಟಿಯಲ್ಲಿ ಹದಿನೇಳು ಸಾಲು. ಒಬ್ಬ ಕೆನಡಾಕ್ಕೆ ಹೋದ. ಒಬ್ಬ ಜಗಳ ಆಡಿಕೊಂಡೇ ಬಿಟ್ಟ. ಒಬ್ಬ ಎರಡು ತಿಂಗಳ ಇಂಟರ್ನ್, ಅವನ ಮುಖ ಯಾರಿಗೂ ನೆನಪಿಲ್ಲ. ಹಳೇ ಪಡಿತರ ಚೀಟಿ ಇದ್ದ ಹಾಗೆ ಸ್ವಾಮಿ, ತೀರಿಕೊಂಡ ಅಜ್ಜಿಗೂ ಇವತ್ತಿಗೂ ಅಕ್ಕಿ ಬರ್ತಿದೆ. ಆಫೀಸು ಬಿಟ್ಟುಹೋದವರ ಹತ್ತಿರ ಐಡಿ ಕಾರ್ಡು, ಹೆಲ್ಮೆಟ್ಟು, ಕೊನೆಗೆ ನೀರಿನ ಬಾಟ್ಲಿ ಕೂಡ ವಾಪಸ್ ಇಸ್ಕೊಂಡರು. ಆ ಒಂದು ಸಾಲು ಅಳಿಸೋದು ಯಾರ ಕೆಲಸ ಅಂತ ಇನ್ನೂ ತೀರ್ಮಾನ ಆಗಿಲ್ಲ.

ಇಷ್ಟು ಸಣ್ಣ ಆಫೀಸಿಗೆ ಯಾರು ನುಗ್ಗುತ್ತಾರೆ ಬಿಡಿ.

ನಮ್ಮ ಮಾಲೀಕರ ಮಾತು ನಿಮ್ಮ ಬಾಯಲ್ಲೂ ಬಂತಲ್ಲ! 2019ರಲ್ಲಿ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ತಾಣದಿಂದ ಸುಮಾರು 11.5 ಕೋಟಿ ರೂಪಾಯಿ ಹೋಯ್ತು. ದೊಡ್ಡ ಮನೆಗೆ ಕಳ್ಳ ವಿಳಾಸ ಹುಡುಕಿಕೊಂಡು ಬರ್ತಾನೆ. ಸಣ್ಣ ಮನೆಗೆ ಬರೋದು ರೋಬೋಟು, ಅದಕ್ಕೆ ಮನೆ ದೊಡ್ಡದೋ ಸಣ್ಣದೋ ಗೊತ್ತಾಗಲ್ಲ. ಪೋರ್ಟ್ 22 ತೆರೆದಿಟ್ಟು ಲಾಗ್ ನೋಡಿ: ರೂಟ್, ಅಡ್ಮಿನ್, ಟೆಸ್ಟ್ ಅಂತ ಹಗಲೂ ರಾತ್ರಿ ಬಾಗಿಲು ಬಡೀತಾನೇ ಇರ್ತಾರೆ. ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ, ರೂಟ್ ಹೆಸರಲ್ಲಿ ನೇರ ಒಳಗೆ ಬಿಡಬೇಡಿ, ಕೀಲಿ ಇದ್ದವರಿಗೆ ಮಾತ್ರ ಅಂತ ಮಾಡಿ: ಎರಡು ಸಾಲಿನ ಕೆಲಸ. ಇಲ್ಲಿ ಪಾಸ್‌ವರ್ಡೂ ಇರಲಿ ಅಂತ ಬಿಟ್ಟಿದ್ದಾರೆ, ನಾನು ಕಳೆದುಹೋದರೆ ಬೇಕಾಗುತ್ತಂತೆ.

ಆ ಲಾಗನ್ನಾದರೂ ಯಾರಾದರೂ ಓದುತ್ತಾರೆಯೆ?

ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನವರು 2022ರ ಏಪ್ರಿಲ್ 28ರಂದು ಆದೇಶ ಹೊರಡಿಸಿದರು: ಲಾಗ್ 180 ದಿನ ಇಟ್ಟಿರಬೇಕು, ದಾಳಿ ಆದದ್ದು ಗೊತ್ತಾದ ಆರು ಗಂಟೆಯೊಳಗೆ ತಮಗೆ ತಿಳಿಸಬೇಕು. ಉಬುಂಟು ತನ್ನ ಪಾಡಿಗೆ ಬಿಟ್ಟರೆ ನಾಲ್ಕು ವಾರದ ಲಾಗ್ ಇಟ್ಟುಕೊಂಡು ಉಳಿದದ್ದು ಅಳಿಸುತ್ತೆ. ಇಲ್ಲಿ ಅದರ ಪಾಡಿಗೇ ಬಿಟ್ಟಿದ್ದಾರೆ. ಇನ್ನು ಆರು ಗಂಟೆಯೊಳಗೆ ತಿಳಿಸೋದು. ಅದಕ್ಕೆ ಮೊದಲು ನಮಗೆ ತಿಳೀಬೇಕಲ್ಲ.

ಹಾಗಾದರೆ ನಂಬೋದು ಯಾರನ್ನ?

2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರೊಯಿಂಡ್ ಅನ್ನೋ ಎಂಜಿನಿಯರ್‌ಗೆ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ನಿಧಾನ ಅನ್ನಿಸ್ತು. ಅರ್ಧ ಸೆಕೆಂಡು! ಬೆನ್ನಟ್ಟಿಕೊಂಡು ಹೋದ್ರೆ, ಎಕ್ಸ್‌ಜೆಡ್ ಅನ್ನೋ ಪುಟ್ಟ ಲೈಬ್ರರಿಯಲ್ಲಿ ಯಾರೋ ಹಿತ್ತಿಲ ಬಾಗಿಲು ಕೊರೆದಿಟ್ಟಿದ್ದರು. ಅದಕ್ಕಾಗಿ ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಬಳಗದಲ್ಲಿ ಒಳ್ಳೆಯವರಾಗಿದ್ದು ನಂಬಿಕೆ ಗಳಿಸಿದ್ದರು. ಲೋಕಕ್ಕೆಲ್ಲ ಹಂಚಿಹೋಗೋ ಮೊದಲೇ ಸಿಕ್ಕಿಬಿತ್ತು. ಇಲ್ಲಿ ಅರ್ಧ ದಿನ ನಿಧಾನ ಆದರೂ "ಮಳೆ ಸಾರ್, ನೆಟ್ ಸ್ಲೋ" ಅಂತಾರೆ.

ನಿವೃತ್ತಿಯ ಯೋಚನೆ?

ಕಾಯ್ತಾ ಇದ್ದೀನಿ. 2023ರಿಂದ ಕೀಜೆನ್ನನ್ನು ಸುಮ್ಮನೆ ಓಡಿಸಿದರೂ ಇಡಿ25519 ಕುಲದ ಕೂಸೇ ಹುಟ್ಟುತ್ತೆ. ಚಿಕ್ಕದು, ಚುರುಕು. ಒಬ್ಬೊಬ್ಬರಿಗೂ ಒಂದೊಂದು ಹುಟ್ಟಿಸಿ, ಪಾಸ್‌ಫ್ರೇಸ್ ಹಾಕಿ, ಪಟ್ಟಿಯಿಂದ ನನ್ನ ಅವಳಿಯ ಸಾಲು ಅಳಿಸಿ ನನ್ನನ್ನು ಕಳಿಸಿಕೊಟ್ಟರೆ ಸಂತೋಷವಾಗಿ ಹೋಗ್ತೀನಿ. ಕೇಳಿದ್ರೆ "ದೀಪಾವಳಿ ಆಗ್ಲಿ" ಅಂದರು. ಯಾವ ದೀಪಾವಳಿ ಅಂತ ಹೇಳಲಿಲ್ಲ.

ಕೊನೆಯದಾಗಿ, ಓದುಗರಿಗಾಗಿ ತಮ್ಮದೊಂದು ಫೋಟೊ?

ಅಯ್ಯೋ ಬೇಡ! ನಾನು ಇರೋದೇ ಅಕ್ಷರದಲ್ಲಿ. ಫೋಟೊ ಹಾಕಿದ್ರೆ ನೋಡಿಕೊಂಡು ಟೈಪ್ ಮಾಡ್ತಾರೆ. ಅದಿರಲಿ, ಡೌನ್‌ಲೋಡ್ಸ್‌ನಲ್ಲಿ ಅಷ್ಟು ಫೈಲು ಬಿದ್ದಿವೆ. ನನ್ನನ್ನೇ ಹೇಗೆ ಗುರುತು ಹಿಡಿದ್ರಿ?

ನಾನು ಮೊಬೈಲ್ ತೆಗೆದು ತೋರಿಸಿದೆ. ಮಾಲೀಕರು ಬೆಳಿಗ್ಗೆಯೇ ಫೈಲನ್ನು ಕಳಿಸಿ, ಕೆಳಗೆ ಬರೆದಿದ್ದರು: "ಇದೇ ಸಾರ್ ನಮ್ ಕೀ. ಗುರುತಿಗಿರಲಿ."

ಕೀಲಿ ಆಮೇಲೆ ಮಾತಾಡಲಿಲ್ಲ.

ಷಟರ್ ಎಳೆದು ಕೆಳಗಿಳಿದು ಬೀಗದ ಕೈ ವಾಪಸ್ ಕೊಟ್ಟೆ. ಕಾಂಡಿಮೆಂಟ್ಸ್‌ನವರು ಅದನ್ನು ಬಿಸ್ಕತ್ತಿನ ಡಬ್ಬದ ಹಿಂದಕ್ಕೆ ಸರಿಸಿದರು. "ಇಲ್ಲೇ ಇರುತ್ತೆ ಸಾರ್. ನಾನಿಲ್ದಿದ್ರೂ ಕೈ ಹಾಕಿ ತಗೊಳ್ಳಿ."