ನಡುಗಡ್ಡೆಯಲ್ಲಿ ಡೆವಲಪ್ ಕಾಕಾ

ಖಾಲಿ ಜಾಗ ಕಂಡರೆ ನೋಡಿ ಮುಂದೆ ಹೋಗುವವರು ಒಂದು ಜಾತಿ, ಹೆಜ್ಜೆ ಹಾಕಿ ಅಳೆಯುವವರು ಇನ್ನೊಂದು ಜಾತಿ. ನಮ್ಮ ಕಾಕಾ ಎರಡನೆಯ ಜಾತಿಗೆ ಸೇರಿದವರು. ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ಯರಗೇರಾ ಸಿಗುತ್ತದೆ. ಹಿಂದೆ ಇಲ್ಲಿದ್ದದ್ದು ಗುಲ್ಬರ್ಗ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಅದು ಬೆಳೆದು ಸ್ವತಂತ್ರ ವಿಶ್ವವಿದ್ಯಾಲಯವಾದ ಮೇಲೆ ರಸ್ತೆಯ ಎಡಬಲದ ಹೊಲಗಳು ಹತ್ತಿ ಬೆಳೆಯುವುದನ್ನು ಬಿಟ್ಟು ಸುಣ್ಣ ಬಳಿದ ಕಲ್ಲು ಬೆಳೆಯತೊಡಗಿದವು. ಆ ಬೆಳೆಯ ಮೊದಲ ಒಕ್ಕಲಿಗರಲ್ಲಿ ಕಾಕಾ ಒಬ್ಬರು. ಅವರ ಅಂಗಿ ಜೇಬಿನಲ್ಲಿ ಸದಾ ಒಂದು ಅಳತೆ ಟೇಪು, ಒಂದು ಸಣ್ಣ ಡೈರಿ. ಬಾಯಲ್ಲಿ ಒಂದೇ ಮಾತು: "ಇದನ್ನ ಡೆವಲಪ್ ಮಾಡಿದ್ರ..."

ಆ ವಾಕ್ಯವನ್ನು ಅವರು ಪೂರ್ತಿ ಮಾಡಿದ್ದನ್ನು ಯಾರೂ ಕೇಳಿಲ್ಲ. ಬೈಕಿನ ಕೀಲಿ ಹಿಡಿದ ಬಲಗೈ ಗಾಳಿಯಲ್ಲಿ ಒಂದು ಚೌಕ ಬರೆಯುತ್ತದೆ, ಎಡಗಣ್ಣು ಸಣ್ಣಗಾಗುತ್ತದೆ. ಉಳಿದದ್ದನ್ನು ನಾವು ತಿಳಿದುಕೊಳ್ಳಬೇಕು. ಅವರ ಹೆಸರು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಇಂಥವರು ಮಾನ್ವಿಯಲ್ಲಿ ಒಬ್ಬರಿದ್ದಾರೆ, ದೇವದುರ್ಗದಲ್ಲಿ ಇಬ್ಬರಿದ್ದಾರೆ, ನಿಮ್ಮ ಊರಲ್ಲೂ ಇರಲೇಬೇಕು. ಸ್ಮಶಾನದ ಗೋಡೆಗೆ ಒರಗಿ ನಿಂತು "ಲೊಕೇಶನ್ ಛಲೋ ಐತಿ" ಅನ್ನುವವರನ್ನು ನೀವು ನೋಡಿಲ್ಲವೆಂದರೆ ನಾನು ನಂಬುವುದಿಲ್ಲ.

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಸಮುದ್ರದ ದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ ಫೋಟೋ ಬಂತಲ್ಲ, ಅವತ್ತಿನಿಂದ ಕಾಕಾಗೆ ದ್ವೀಪದ ಹುಚ್ಚು. ಲಕ್ಷದ್ವೀಪದಲ್ಲಿ 36 ದ್ವೀಪಗಳಿವೆ, ಜನ ವಾಸವಿರುವುದು ಹತ್ತರಲ್ಲಿ ಮಾತ್ರ ಎಂದು ಎಲ್ಲೋ ಓದಿದ ದಿನ ಅವರಿಗೆ ನಿದ್ದೆ ಬರಲಿಲ್ಲ. "ಇಪ್ಪತ್ತಾರು ಖಾಲಿ ಬಿದ್ದಾವ!" ಎಂದು ಮನೆಮಂದಿಯನ್ನೆಲ್ಲ ಎಬ್ಬಿಸಿದರು. ಆದರೆ ಅಲ್ಲಿಗೆ ಹೋಗಲು ಪರವಾನಗಿ ಬೇಕು, ಕೊಚ್ಚಿಯಿಂದ ಹಡಗು ಹಿಡಿಯಬೇಕು, ಮನೆಮಂದಿಗೆಲ್ಲ ಟಿಕೆಟ್ಟು ತೆಗೆಸಬೇಕು. ಲೆಕ್ಕ ಹಾಕುತ್ತಾ ಹಾಕುತ್ತಾ ಡೈರಿಯ ಹಾಳೆ ತುಂಬಿತು, ಉತ್ಸಾಹ ಖಾಲಿಯಾಯಿತು.

ಆಗ ಕಾಕಿ, ಜೋಳದ ಹಿಟ್ಟು ನಾದುತ್ತಲೇ, "ಕುರವಪುರ ದ್ವೀಪ ಅಲ್ಲೇನು?" ಎಂದರು.

ಹೌದಲ್ಲ! ರಾಯಚೂರು ಜಿಲ್ಲೆಗೆ ಸಮುದ್ರವಿಲ್ಲದಿರಬಹುದು, ದ್ವೀಪಗಳಿಗೆ ಬರವಿಲ್ಲ. ಕೃಷ್ಣೆ ಇಲ್ಲಿ ಒಡೆದು ಕೂಡಿ ಹರಿಯುತ್ತಾ ನಡುವೆ ಗಡ್ಡೆಗಳನ್ನು ಬಿಟ್ಟುಹೋಗಿದ್ದಾಳೆ. ಲಿಂಗಸುಗೂರಿನ ಕಡೆ ಜಲದುರ್ಗದ ಸುತ್ತಮುತ್ತ ಕೆಲವು, ದೇವಸೂಗೂರಿನ ಹತ್ತಿರ ನಾರದಗಡ್ಡೆ, ಕೆಳಗೆ ಕುರ್ವಕುಲ, ಕುರ್ವಕುರ್ದ. ಕುರವಪುರಕ್ಕೆ ಜನ ಕುರಗಡ್ಡಿ ಅಂತಲೂ ಅನ್ನುತ್ತಾರೆ. ಪೀಠಾಪುರದಲ್ಲಿ ಹುಟ್ಟಿದ ಶ್ರೀಪಾದ ಶ್ರೀವಲ್ಲಭರು ಬಂದು ನೆಲೆಸಿದ ದತ್ತ ಕ್ಷೇತ್ರ ಅದು. ಗುರುಚರಿತ್ರೆ ಪಾರಾಯಣಕ್ಕೆಂದು ಮಹಾರಾಷ್ಟ್ರದಿಂದ ಜನ ಹುಡುಕಿಕೊಂಡು ಬರುತ್ತಾರೆ. ಪಕ್ಕದ ನಮಗೆ ಮಾತ್ರ ಯಾವಾಗ ಬೇಕಾದರೂ ಹೋಗಬಹುದೆಂಬ ಧೈರ್ಯ, ಅದರಿಂದಾಗಿ ಹೋಗುವುದೇ ಇಲ್ಲ. ಕಾಕಿಯ ಹರಕೆಯೊಂದು ಬಾಕಿ ಇತ್ತು. ಕಾಕಾಗೆ ದ್ವೀಪ, ಕಾಕಿಗೆ ದೇವರು, ಖರ್ಚು ಒಂದೇ. ರಾಯಚೂರು ದಾಟಿ ಆತ್ಕೂರಿನ ದಾರಿ ಹಿಡಿದೆವು.

ಹೊಳೆಯ ದಂಡೆಯಲ್ಲಿ ಹರಿಗೋಲು ನಿಂತಿತ್ತು. ಬಿದಿರು ಹೆಣೆದು ಕೆಳಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿದದ್ದು. ಅವ್ವನನ್ನು ನಡುವೆ ಕೂಡಿಸಿ, ರೊಟ್ಟಿ ಗಂಟನ್ನು ಅವಳ ತೊಡೆಯ ಮೇಲಿಟ್ಟು, ನಾವೆಲ್ಲ ಸುತ್ತ ಮೊಣಕಾಲು ಮಡಚಿ ಕೂತೆವು. ಕಾಕಾ ಕೂಡಲಿಲ್ಲ. ನಿಂತೇ ಅಂಬಿಗನ ಸಂದರ್ಶನ ಶುರು ಮಾಡಿದರು. ದಿನಕ್ಕೆ ಎಷ್ಟು ಟ್ರಿಪ್? ಗುರುವಾರ ಎಷ್ಟು ಜನ? ಸ್ಪೀಡ್ ಬೋಟ್ ಯಾಕ ಹಾಕಿಲ್ಲ?

"ನೀರಾಗ ಬಂಡಿಗಲ್ಲು ಅದಾವ್ರೀ," ಎಂದ ಅಂಬಿಗ, ಹುಟ್ಟು ಹಾಕುತ್ತಾ. "ಬೋಟಿನ ತಳ ನೀರಾಗ ಆಳಕ್ಕ ಇಳಿತೈತಿ, ಇದರ ತಳ ಚಪ್ಪಟಿ. ತೇಲಿ ಹೋಗತೈತಿ. ನೀವು ಕುಂದರ್ರಿ ಮೊದಲ."

ಕಾಕಾ ಕೂತರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹೊಳೆಯಲ್ಲಿ ಇಂಥವೇ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ, ಆಗ ಮೇಲೆ ತೊಗಲು ಹೊದಿಸುತ್ತಿದ್ದರು ಎಂದು ನಾನು ನನ್ನ ಓದು ತೋರಿಸಿದೆ. ಕಾಕಾಗೆ ಆಘಾತವಾಯಿತು. "ಐದುನೂರು ವರ್ಷ! ತೊಗಲು ಹೋಗಿ ಪ್ಲಾಸ್ಟಿಕ್ ಬಂದದ್ದು ಬಿಟ್ರ ಯಾರೂ ಏನೂ ಡೆವಲಪ್ ಮಾಡಿಲ್ಲ!" ಅಷ್ಟರಲ್ಲಿ ಹುಡುಗರು ಮೊಸಳೆಯ ಬಗ್ಗೆ ಕೇಳಿದರು. ಇದಾವೆ, ಬಂಡೆ ಮೇಲೆ ಬಿಸಿಲು ಕಾಯಿಸುತ್ತಾವೆ ಎಂದ ಅಂಬಿಗ, ಸಹಜವಾಗಿ. ಅವ್ವ ರೊಟ್ಟಿ ಗಂಟನ್ನು ಬಿಗಿಯಾಗಿ ಹಿಡಿದಳು. ಕಾಕಾ ಡೈರಿ ತೆಗೆದು "ಮೊಸಳೆ ಪಾರ್ಕ್" ಎಂದು ಬರೆದುಕೊಂಡರು.

ದಡ ಮುಟ್ಟಿದಾಗ ಅಲ್ಲಿ ನಮ್ಮನ್ನು ಕಾಯುತ್ತಿದ್ದದ್ದು ಬಿಸಿಲು ಮತ್ತು ಒಂದು ನಾಯಿ. ಗುಡಿ, ಹಳೆಯ ಆಲದ ಮರ, ಟೆಂಬೆ ಸ್ವಾಮಿಗಳು ಎಂದು ಹೆಸರಾದ ವಾಸುದೇವಾನಂದ ಸರಸ್ವತಿಗಳು ತಪಸ್ಸು ಮಾಡಿದ ಗವಿ, ಅರ್ಚಕರ ಮನೆಗಳು. ಆಮೇಲೆ ಹೊಲ, ಆಮೇಲೆ ನೀರು. ಉಳಿಯುವುದು, ಉಣ್ಣುವುದು ಎಲ್ಲ ಅರ್ಚಕರ ಮನೆಯ ಆಸರೆಯಲ್ಲೇ. ಕಾಕಿ ಕಾಲು ತೊಳೆದುಕೊಂಡು ಗುಡಿಯಲ್ಲಿ ಕೂತರು. ನೋಡಿದರೆ ಆ ಊರಲ್ಲೇ ಹುಟ್ಟಿ ಬೆಳೆದವರ ಹಾಗಿದ್ದರು. ಕಾಕಾ ಮಾತ್ರ ಮಧ್ಯಾಹ್ನದ ಪ್ರಸಾದ ಮುಗಿಯುವುದರೊಳಗೆ ಇಡೀ ನಡುಗಡ್ಡೆಯನ್ನು ಸುತ್ತಿ ಬಂದು, ಬೆವರು ಒರೆಸಿಕೊಳ್ಳುತ್ತಾ ತೀರ್ಪು ಕೊಟ್ಟರು: "ಏನೂ ಇಲ್ಲ!"

"ಏನೂ ಇರಬಾರದು ಅಂತನ ಬಂದೀವಲ್ಲ," ಎಂದರು ಕಾಕಿ.

ಈ ಜಾತಿಯವರ ನಿಜವಾದ ಕಷ್ಟ ಇರುವುದು ಇಲ್ಲೇ. ವರ್ಷವೆಲ್ಲ "ಎಲ್ಲಿಯಾದ್ರೂ ಶಾಂತಿ ಇರೋ ಕಡೆ ಹೋಗಬೇಕ್ರಿ" ಅನ್ನುತ್ತಾರೆ. ಶಾಂತಿ ಸಿಕ್ಕಿದ ಒಂದು ತಾಸಿಗೆ ಅದರ ಪಕ್ಕದಲ್ಲಿ ಒಂದು ಕ್ಯಾಂಟೀನ್ ಬೇಕೆನಿಸುತ್ತದೆ. ಕ್ಯಾಂಟೀನಿಗೆ ಜನ ಬೇಕು, ಜನಕ್ಕೆ ಪಾರ್ಕಿಂಗ್ ಬೇಕು, ಪಾರ್ಕಿಂಗಿಗೆ ಆಲದ ಮರ ಅಡ್ಡ ಬರುತ್ತದೆ. ಸಂಜೆ ಆಗುವುದರೊಳಗೆ ಕಾಕಾರ ಡೈರಿಯಲ್ಲಿ ಕುರವಪುರ ತುಂಬಿಹೋಗಿತ್ತು: ಕಾಟೇಜು, ರೋಪ್‌ವೇ, ಲೈಟಿಂಗ್, ಗುಡಿಗೆ ಎದುರಾಗಿ ಒಂದು ಸೆಲ್ಫಿ ಪಾಯಿಂಟ್. ಕರೆಂಟು ಹೋಯಿತು. ಫೋನು ಒಮ್ಮೆ ಕರ್ನಾಟಕದಲ್ಲಿ, ಒಮ್ಮೆ ತೆಲಂಗಾಣದಲ್ಲಿ, ಬಹಳ ಹೊತ್ತು ಎಲ್ಲಿಯೂ ಇರಲಿಲ್ಲ. ಅದನ್ನು ತಲೆಯ ಮೇಲೆತ್ತಿ ಹಿಡಿದು ಕಾಕಾ ಹೊಳೆದಂಡೆಯಲ್ಲಿ ಅತ್ತಿಂದಿತ್ತ ಓಡಾಡುವುದನ್ನು ಕಂಡ ಪಾರಾಯಣದ ಮರಾಠಿ ಅಜ್ಜಿಯೊಬ್ಬರು ಅದೂ ಒಂದು ವ್ರತವಿರಬೇಕೆಂದು ಕೈ ಮುಗಿದರು.

ರಾತ್ರಿ ಲಾಟೀನು ಬೆಳಕಿನಲ್ಲಿ ಅರ್ಚಕರು ಗುರುಚರಿತ್ರೆಯ ಅಗಸನ ಕಥೆ ಹೇಳಿದರು. ಶ್ರೀಪಾದರ ಸೇವೆ ಮಾಡುತ್ತಿದ್ದ ಅಗಸನೊಬ್ಬ ಹೊಳೆಯಲ್ಲಿ ರಾಜನೊಬ್ಬನ ಜಲಕ್ರೀಡೆ, ದೋಣಿ, ಪರಿವಾರ ಕಂಡು ಆಸೆಪಟ್ಟ. ಅವನ ಮನಸ್ಸು ತಿಳಿದ ಗುರುಗಳು, ಮುಂದಿನ ಜನ್ಮದಲ್ಲಿ ಬೀದರಿನ ದೊರೆಯಾಗಿ ಹುಟ್ಟುತ್ತೀ ಎಂದು ಹರಸಿದರು.

ಕಾಕಾ ತೊಡೆ ತಟ್ಟಿದರು. "ನೋಡ್ರಿ! ಆವಾಗೇ ಇಲ್ಲಿ ಬೋಟಿಂಗ್ ಇತ್ತು! ವಾಟರ್ ಸ್ಪೋರ್ಟ್ಸ್ ನಮ್ಮ ಸಂಪ್ರದಾಯ!"

ಕಾಕಿ ಸೆರಗು ಸರಿಮಾಡಿಕೊಂಡರು. "ಅರಮನಿ ಬೇಕು ಅಂದವನನ್ನ ಗುರುಗಳು ಬೀದರಿಗೆ ಕಳಿಸಿದ್ರು. ಇಲ್ಲಿ ಕಟ್ಟಿಸಿ ಕೊಡಲಿಲ್ಲ."

ಅರ್ಚಕರು ನಗು ತಡೆಯಲು ಲಾಟೀನಿನ ಬತ್ತಿ ಸಣ್ಣ ಮಾಡಿದರು. ಗುರುಚರಿತ್ರೆಗೆ ಇದಕ್ಕಿಂತ ಒಳ್ಳೆಯ ಟೀಕೆಯನ್ನು ನಾನಂತೂ ಕೇಳಿಲ್ಲ.

ಬೆಳಿಗ್ಗೆ ನೋಡಿದರೆ ಕಾಕಾರ ಸುತ್ತ ಜನ ಸೇರಿದ್ದರು. ಟೇಪು ಹಿಡಿದು ದಂಡೆ ಅಳೆಯುತ್ತಿದ್ದ ಅವರನ್ನು ಯಾರೋ ಇಂಜಿನಿಯರು ಸಾಹೇಬರು ಅಂದುಕೊಂಡಿದ್ದರು. ಚಹಾ ಬಂತು, ಹೊರಸು ಬಂತು. "ಸೇತುವಿ ಸಲುವಾಗಿ ಬಂದೀರೇನ್ರೀ?" ಎಂದ ಒಬ್ಬ ಮುದುಕ.

ಇಲ್ಲಿಯ ನಡುಗಡ್ಡೆಗಳಿಗೆ ಸೇತುವೆ ಕಟ್ಟುವ ಕೆಲಸ ಶುರುವಾಗಿ, ನಿಂತು, ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತಲೇ ಇದೆ. ಮಳೆಗಾಲದಲ್ಲಿ ಮೇಲೆ ನಾರಾಯಣಪುರ ಜಲಾಶಯದ ಗೇಟು ತೆರೆದರೆಂದರೆ ಇವರಿಗೆ ಜಗತ್ತು ಮುಚ್ಚಿದ ಹಾಗೆ. 2009ರ ಪ್ರವಾಹದ ಮಾತು ತೆಗೆದರೆ ಈಗಲೂ ದನಿ ಇಳಿಯುತ್ತದೆ. 2020ರ ಆಗಸ್ಟಿನಲ್ಲಿ ಈ ಸೀಮೆಯಲ್ಲೇ ಹರಿಗೋಲು ಮಗುಚಿ ಜನ ನೀರುಪಾಲಾದರು. ಹೈಸ್ಕೂಲಿಗೆ ಹೋಗುವ ಹುಡುಗರು, ದಿನ ತುಂಬಿದ ಬಸುರಿಯರು, ಹಾವು ಕಚ್ಚಿದವರು ಎಲ್ಲರೂ ಆ ಬುಟ್ಟಿಯಲ್ಲೇ ದಾಟಬೇಕು. ಒಬ್ಬೊಬ್ಬರಾಗಿ ಹೇಳುತ್ತಾ ಹೋದರು. ಹೇಳಿ ಹೇಳಿ ರೂಢಿಯಾದವರ ಮಾತು, ಸಿಟ್ಟೂ ಇರಲಿಲ್ಲ. ಕಾಕಾ ಡೈರಿ ಮುಚ್ಚಿ ತೊಡೆಯ ಕೆಳಗೆ ಇಟ್ಟುಕೊಂಡರು. ಅವರು ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾವು ಮದುವೆ ಮನೆಯಲ್ಲೂ ನೋಡಿಲ್ಲ, ಸಾವಿನ ಮನೆಯಲ್ಲೂ ನೋಡಿಲ್ಲ.

ಬದಲಾದರು ಅಂದುಕೊಂಡಿರಾ? ಹುಟ್ಟುಗುಣ ಸುಟ್ಟರೂ ಹೋಗದು. ಚಹಾದ ಬಸಿ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, "ಸೇತುವಿ ಒಂದು ಆತು ಅಂದ್ರ ಇಲ್ಲಿ ಎಕರೆ ರೇಟು..." ಎಂದರು. ಬಲಗೈ ಆಗಲೇ ಗಾಳಿಯಲ್ಲಿತ್ತು.

ಮುದುಕ ಅವರ ಕೈಯನ್ನೇ ನೋಡಿದ. "ಮೊದಲ ನಮ್ಮ ಹೆಣ್ಮಕ್ಕಳು ಹೆರಿಗಿಗೆ ದಾಟಲ್ರೀ ಸಾಹೇಬ್ರ. ಆಮ್ಯಾಲ ನೀವು ದಾಟ್ರಿ."

ಕಾಕಾ ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಊರಿಗೆ ಬಂದ ಮೇಲೆ ಸೇತುವೆಯ ಬಗ್ಗೆ ಒಂದು ಅರ್ಜಿ ಬರೆಸಿ, ಸಂತೆಯಲ್ಲಿ ಸಿಕ್ಕವರಿಂದೆಲ್ಲ ಸಹಿ ಹಾಕಿಸಿದರು. ಅರ್ಜಿಯ ಕೊನೆಯಲ್ಲಿ ರೋಪ್‌ವೇ ಬಗ್ಗೆಯೂ ಎರಡು ಸಾಲು ಸೇರಿಸಿದ್ದನ್ನು ಕಾಕಿ ನೋಡಿ ಹೊಡೆದುಹಾಕಿಸಿದರು. ಎರಡು ತಲೆ ಬೇಕಾಗುವ ಕೆಲಸ ಅದು. ಒಬ್ಬರು ಓಡಾಡಬೇಕು, ಇನ್ನೊಬ್ಬರು ಹೊಡೆದುಹಾಕಬೇಕು.

ಕುರವಪುರಕ್ಕೆ ಹೋಗುವ ಮನಸ್ಸಿದ್ದರೆ ದೀಪಾವಳಿ ಕಳೆದು, ಹೊಳೆ ಇಳಿದ ಮೇಲೆ ಹೋಗಿ. ಜಲಾಶಯದಿಂದ ನೀರು ಬಿಟ್ಟಿದ್ದಾರೆಂದು ಸುದ್ದಿ ಬಂದರೆ ಯಾವ ಹರಕೆಯಿದ್ದರೂ ಹರಿಗೋಲು ಹತ್ತಬೇಡಿ, ದೇವರು ಕಾಯುತ್ತಾನೆ, ಹೊಳೆ ಕಾಯುವುದಿಲ್ಲ. ಅಂಬಿಗ ಕೂಡು ಅಂದಾಗ ಕೂಡಿ. ಅಷ್ಟರೊಳಗೆ ಸೇತುವೆ ಮುಗಿದಿದ್ದರೆ ನಡೆದುಕೊಂಡೇ ಹೋಗಿ. ಮನೆಯಲ್ಲಿ ಡೆವಲಪ್ ಕಾಕಾ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಟೇಪನ್ನು ಮಾತ್ರ ಊರಲ್ಲೇ ಬಿಡಿಸಿ.