ಎಲ್ಲಾ ಹಸಿರು, ಸರ್

ನಮ್ಮ ಪ್ರೆಸ್ಸಿನ ಸಿಸ್ಟಮ್ಮಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಸಂಬಳದ ರಿಜಿಸ್ಟರಿನಾಚೆ ಅದನ್ನು ಯಾರೂ ಬಳಸಿದ್ದಿಲ್ಲ. ಪ್ರಿಂಟರಿಗೆ ಹಾಳೆ ಸಿಕ್ಕಿಕೊಂಡರೂ, ಯುಪಿಎಸ್ ಕುಂಯ್ ಅಂದರೂ, ಮಾಲೀಕರ ಮಗಳು ಪಾಸ್‌ವರ್ಡ್ ಮರೆತರೂ ಕೂಗುವುದು ಅವನನ್ನೇ. ಎಲ್ಲಕ್ಕೂ ಅವನದು ಒಂದೇ ಮದ್ದು: "ಒಂದ್ಸಲ ಆಫ್ ಮಾಡಿ ಆನ್ ಮಾಡಿ." ಬಹುಪಾಲು ರೋಗ ಅಲ್ಲಿಗೇ ವಾಸಿ. ಆಗದಿದ್ದರೆ "ಫೈವ್ ಮಿನಿಟ್ಸ್ ಸರ್" ಅನ್ನುತ್ತಾನೆ. ನಾವು ಊಟಕ್ಕೆ ಹೊರಡುತ್ತೇವೆ.

ಅವನ ಕೊರಗೂ ಒಂದೇ. ಏನೇ ಕೆಟ್ಟರೂ ತನಗೆ ಕೆಟ್ಟ ಮೇಲೆ ಗೊತ್ತಾಗುತ್ತದೆ, ಕೆಡುವ ಮೊದಲೇ ಗೊತ್ತಾಗಬೇಕು. ಮನೆಯಲ್ಲೂ ಇದೇ ಜಾಯಮಾನ. ನೀರಿನ ಟ್ಯಾಂಕಿಗೆ ಅಲಾರಂ, ಗೇಟಿಗೆ ಕ್ಯಾಮೆರಾ. ಹಾಲು ಉಕ್ಕುವುದಕ್ಕೂ ಏನೋ ಜೋಡಿಸಹೊರಟಿದ್ದನಂತೆ, ಹೆಂಡತಿ ಸೌಟು ತೋರಿಸಿದ ಮೇಲೆ ಕೈಬಿಟ್ಟ.

ಪ್ರೆಸ್ಸಿನಲ್ಲಿ ಸೌಟು ಹಿಡಿಯುವವರಿರಲಿಲ್ಲ. ಮೇಜಿನ ಕೆಳಗೆ, ಹಣೆಯಲ್ಲಿ ಕಳೆದ ಆಯುಧಪೂಜೆಯ ಕುಂಕುಮ ಇನ್ನೂ ಇಟ್ಟುಕೊಂಡು ಕೂತಿದ್ದ ಸರ್ವರ್ ಮೇಲೆ ಅವನ ಕಣ್ಣು ಬಿತ್ತು. ಹನ್ನೊಂದು ವರ್ಷದ ಪುಸ್ತಕ, ಪಂಚಾಂಗ, ಲಗ್ನಪತ್ರಿಕೆ, ಬಿಲ್ ಪುಸ್ತಕ ಎಲ್ಲ ಅದರ ಹೊಟ್ಟೆಯಲ್ಲಿ. "ಇದನ್ನ ಮಾನಿಟರ್ ಮಾಡ್ಬೇಕು ಸರ್" ಅಂದ. ಕೇಳಿದ್ದು ತಪ್ಪಾಯಿತು, ಚಹಾ ಆರುವವರೆಗೆ ಪಾಠ. ನಾಗಿಯಾಸ್ ಅಂತೊಂದು ತಂತ್ರಾಂಶ. 1999ರಲ್ಲಿ ಹುಟ್ಟಿದಾಗ ಅದರ ಹೆಸರು ನೆಟ್‌ಸೇಂಟ್. ಯಾರದೋ ಟ್ರೇಡ್‌ಮಾರ್ಕಿನ ತಕರಾರು ಎದ್ದು ಹೆಸರಿನಿಂದ ಸಂತ ಹೊರಗೆ ಹೋದ. ಈಗಿನ ಹೆಸರನ್ನು ಬಿಡಿಸಿದರೆ 'ಸಂತನೆನಿಸಿಕೊಳ್ಳುವ ಹಠ ನನಗಿಲ್ಲ' ಎಂಬರ್ಥ ಬರುತ್ತದೆ. ಐದು ನಿಮಿಷಕ್ಕೊಮ್ಮೆ ಸರ್ವರಿನ ನಾಡಿ ಹಿಡಿದು, ಚೆನ್ನಾಗಿದ್ದರೆ ಹಸಿರು, ಕೆಟ್ಟರೆ ಕೆಂಪು ತೋರಿಸುತ್ತದೆ. ಅದಕ್ಕೂ ಫೈವ್ ಮಿನಿಟ್ಸೇ.

ನಾಗಿಯಾಸಿನದೇನೂ ತಪ್ಪಿಲ್ಲ. ಅದು ಲಿನಕ್ಸಿನ ಮೇಲೆ ಕೂರುವಂಥದು, ನಮ್ಮ ಸರ್ವರಿನದು ವಿಂಡೋಸ್. ಬೇರೊಂದು ಹಳೇ ಕಂಪ್ಯೂಟರಿನಲ್ಲಿ ಕೂರಿಸಿ ದೂರದಿಂದಲೇ ಸರ್ವರನ್ನು ನೋಡಬಹುದಿತ್ತು, ವೈದ್ಯರು ಮಾಡುವುದೂ ಹಾಗೇ. ಇವನು ಲಿನಕ್ಸೂ ನಾಗಿಯಾಸೂ ಒಟ್ಟಿಗೆ ಕಲಸಿದ ರೆಡಿಮೇಡ್ ಕಟ್ಟೊಂದನ್ನು ಇಳಿಸಿ, ಪೆನ್‌ಡ್ರೈವಿಗೆ ತುಂಬಿ, ಭಾನುವಾರ ನೇರ ಸರ್ವರಿಗೇ ಚುಚ್ಚಿದ. ಅಂಥ ಕಟ್ಟಿಗೆ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂರುವ ಅಭ್ಯಾಸವಿಲ್ಲ. ಇಡೀ ಡಿಸ್ಕ್ ತನ್ನದೇ ಎಂದುಕೊಂಡು ಅಳಿಸಿ, ಹೊಸದಾಗಿ ಸಂಸಾರ ಹೂಡುತ್ತದೆ. ಹೇಳದೆ ಮಾಡಿತು ಅನ್ನುವಂತಿಲ್ಲ, ಪರದೆಯ ಮೇಲೆ ಕೇಳಿಯೇ ಮಾಡುತ್ತದೆ. ಇವನು ನೆಕ್ಸ್ಟ್ ಒತ್ತಿದ. ಮತ್ತೆ ನೆಕ್ಸ್ಟ್. ಇನ್ನೊಂದು ನೆಕ್ಸ್ಟ್.

ಸೋಮವಾರ ಹತ್ತಕ್ಕೆ ನಮ್ಮನ್ನೆಲ್ಲ ಕರೆದು ತೋರಿಸಿದ. ಸಾಲಾಗಿ ಹಸಿರು. ಸಿಪಿಯು ಮೇಲೆ ಭಾರವಿಲ್ಲ, ಡಿಸ್ಕ್ ಹೆಚ್ಚುಕಮ್ಮಿ ಖಾಲಿ. "ಇಷ್ಟು ಹೆಲ್ದಿ ಆಗಿ ಯಾವತ್ತೂ ಇರ್ಲಿಲ್ಲ ಸರ್."

ಡಿಟಿಪಿ ಮೇಡಂ ಮಾತ್ರ ತಮ್ಮ ಸೀಟಿನಿಂದಲೇ ಕೇಳಿದರು: "ಪಂಚಾಂಗದ ಫೋಲ್ಡರ್ ಎಲ್ಲಪ್ಪಾ?"

"ಬ್ಯಾಕಪ್ ಇದೆ ಮೇಡಂ," ಅಂದ, ಕಣ್ಣು ಮಿಟುಕಿಸದೆ. ಎಲ್ಲಿ? "ಡಿ ಡ್ರೈವಲ್ಲಿ." ಡಿ ಡ್ರೈವ್ ಎಲ್ಲಿ? ಅದೇ ಡಿಸ್ಕಿನ ಇನ್ನೊಂದು ಹೋಳು. ಅವನ ಮುಖ ಬಾಡತೊಡಗಿದ್ದು ಇಲ್ಲಿಂದ. ರೇಯ್ಡ್ ಇದೆಯಲ್ಲ ಅಂತ ನೆನಪಾಯಿತು. ಎರಡು ಡಿಸ್ಕ್, ಒಂದು ಸತ್ತರೆ ಇನ್ನೊಂದು. ಆದರೆ ರೇಯ್ಡಿನ ಕೆಲಸ ಕಾರ್ಬನ್ ಪೇಪರಿನದು. ಮೇಲಿನ ಹಾಳೆಯಲ್ಲಿ ಬರೆದದ್ದು ಮಾತ್ರವಲ್ಲ, ಹೊಡೆದು ಹಾಕಿದ್ದೂ ಕೆಳಗಿನದರಲ್ಲಿ ಚಾಚೂ ತಪ್ಪದೆ ಮೂಡುತ್ತದೆ.

ಮಧ್ಯಾಹ್ನದ ಹೊತ್ತಿಗೆ ಅವನೇ ನಮಗೆ ಸಮಾಧಾನ ಹೇಳುವ ಹಂತಕ್ಕೆ ಬಂದಿದ್ದ. ಈ ಜಾತಿಯವರ ಕಿಸೆಯಲ್ಲಿ ಪರರ ಅನಾಹುತದ ಕತೆಗಳು ಸದಾ ಇರುತ್ತವೆ. "ಗಿಟ್‌ಲ್ಯಾಬ್ ಕಂಪನಿ ಗೊತ್ತಾ ಸರ್? 2017ರ ಜನವರಿ 31. ಒಬ್ಬ ಇಂಜಿನಿಯರ್ ತಪ್ಪು ಸರ್ವರ್‌ನಲ್ಲಿ ಡಿಲೀಟ್ ಹೊಡೆದ. 300 ಜಿಬಿಯಲ್ಲಿ ಉಳಿದಿದ್ದು ನಾಲ್ಕೂವರೆ. ಐದು ಥರದ ಬ್ಯಾಕಪ್ ವ್ಯವಸ್ಥೆ ಇತ್ತು, ಒಂದೂ ಸಮಯಕ್ಕಾಗಲಿಲ್ಲ." ಯಾರೋ ಅದಕ್ಕೆ ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟ ನಕಲೊಂದು ಅವರನ್ನು ಉಳಿಸಿತಂತೆ. ನಮ್ಮಲ್ಲಿ ಆ 'ಯಾರೋ' ಇರಲಿಲ್ಲ.

ಫೋಟೋರೆಕ್ ಎಂಬ ಬಿಟ್ಟಿ ತಂತ್ರಾಂಶ ಹಾಕಿ ಡಿಸ್ಕ್ ಗೋರಿದ. ಮೂರು ದಿನ ಗೋರಿತು. ಫೈಲುಗಳು ಬಂದವು, ಸಾವಿರಗಟ್ಟಲೆ, ಹೆಸರಿಲ್ಲದೆ. ಎಫ್ ಅಕ್ಷರ, ಮುಂದೆ ಏಳೆಂಟು ಅಂಕಿ, ಅಷ್ಟೇ. ಪದ ಕೊಟ್ಟು ಹುಡುಕೋಣವೆಂದರೆ ನಮ್ಮದೆಲ್ಲ ಹಳೇ 'ನುಡಿ' ಫಾಂಟಿನ ಅಕ್ಷರ. ಫಾಂಟ್ ಇಲ್ಲದ ಯಂತ್ರದಲ್ಲಿ 'ಕನ್ನಡ' ಎಂಬ ಮೂರಕ್ಷರ ಪಿ, ಪೌಂಡ್ ಗುರುತು, ಕ್ಯೂ ಎಂದು, ತಲೆ ಮೇಲೆ ಸೊಟ್ಟ ಗೆರೆ ಹೊತ್ತ ಎ-ಗಳ ಜೊತೆ ನಿಲ್ಲುತ್ತದೆ.

ಇಲ್ಲಿ ಕೈಹಿಡಿದವರು ಡಿಟಿಪಿ ಮೇಡಂ. ಇಪ್ಪತ್ತು ವರ್ಷ ಅದೇ ಅಕ್ಷರ ಕುಟ್ಟಿದವರು; ಆ ಕಲಸುಮೇಲೋಗರವನ್ನು ಫಾಂಟಿನ ಹಂಗಿಲ್ಲದೆ ಓದುತ್ತಾರೆ. "ಮೊದಲಲ್ಲೇ ಪುಟಾಣಿ ಎರಡು ಕೂತಿದೆ ನೋಡು, ಅದು ಶ್ರೀ. ಲಗ್ನಪತ್ರಿಕೆ. ಆ ಕಡೆ ಹಾಕು." ಸಿಸ್ಟಮ್ಮಣ್ಣ ಸ್ಟೂಲಿನ ಮೇಲೆ ಕೂತು, ಒಂದನೇ ಕ್ಲಾಸಿನ ಹುಡುಗನಂತೆ ಹೂಂ ಅನ್ನುತ್ತ ಫೈಲಿಗೊಂದು ಹೆಸರಿಟ್ಟ. ಯಾರ ಯಾರದೋ ನಾಮಕರಣದ ಕಾರ್ಡಿಗೂ ಅವನೇ ನಾಮಕರಣ ಮಾಡಿದ. ಇವೊತ್ತಿಗೂ ಮುಗಿದಿಲ್ಲ. ಪಂಚಾಂಗದಲ್ಲಿ ಆಷಾಢ ಸಿಕ್ಕಿದೆ, ಶ್ರಾವಣ ಇನ್ನೂ ಬರಬೇಕು.

ಹೆಸರಿಟ್ಟದ್ದು, ಇಡಬೇಕಾದದ್ದು, ಒಂದರದೇ ನಾಲ್ಕು ನಕಲು, ಎಲ್ಲವನ್ನೂ ಮೊನ್ನೆ ವಾಪಸ್ ಸರ್ವರಿಗೆ ತುಂಬಿದ. ತುಂಬುತ್ತಿದ್ದಾಗಲೇ ಅವನ ಮೊಬೈಲ್ ಟಣ್ ಎಂದಿತು. ಮತ್ತೆ ಟಣ್. ಡಿಸ್ಕಿನಲ್ಲಿ ಜಾಗ ಹತ್ತರಲ್ಲೊಂದು ಪಾಲೂ ಉಳಿದಿಲ್ಲವೆಂದು ನಾಗಿಯಾಸ್ ಕೆಂಪಾಗಿತ್ತು. ಸಿಸ್ಟಮ್ಮಣ್ಣ ಮೊಬೈಲ್ ಎತ್ತಿಕೊಂಡು ಓಡೋಡಿ ಬಂದ, ವಾರಗಳ ಮೇಲೆ ಮುಖದಲ್ಲಿ ಕಳೆ.

"ನೋಡಿ ಸರ್, ಕೆಡೋ ಮೊದಲೇ ಹೇಳ್ತು!"