ಲಾಲ್ ಪರಿಗೆ ಕಾಯುತ್ತಾ

(ಸಾಂಗ್ಲಿವಾಡಿ, ಜನವರಿ 2022ರ ಕೊನೆ. 'ಲಾಲ್ ಪರಿ' ಎನ್ನುವ ಮಹಾರಾಷ್ಟ್ರದ ಕೆಂಪು ಎಸ್‌ಟಿ ಬಸ್ಸಿನ ನೌಕರರ ಮುಷ್ಕರ ಮುಗಿದಿಲ್ಲ.)

"ಕಾಕಾ, ಬಸ್ಸಿಗೆ ಕುಂತೀರೇನ್ರಿ?"

"ಹೂಂ ತಮ್ಮಾ, ಜತ್ತಿಗೆ."

"ನೌಕರರು ಸಂಪಿನ್ಯಾಗ ಅದಾರ್ರಿ. ನಿಗಮ ಬ್ಯಾಡ, ಸರಕಾರದಾಗ ವಿಲೀನ ಮಾಡ್ರಿ ಅಂತಾರ."

"ದಿಲ್ಲಿಯವರು ಮೊನ್ನೆ 27ಕ್ಕ ಏರ್ ಇಂಡಿಯಾನ ಟಾಟಾಗೆ ಕೊಟ್ಟು ಕೈ ತೊಳಕೊಂಡ್ರು, ಇವರು ಒಳಗ ಬರ್ತೀವಿ ಅಂತಾರ!"

"1953ರಾಗ ಟಾಟಾ ಕಡೆಯಿಂದನ ತಗೊಂಡಿದ್ರಲ್ರಿ?"

"ತಗೊಂಡಾಗೂ ಸುಧಾರಣಾ, ಕೊಟ್ಟಾಗೂ ಸುಧಾರಣಾ! ಮಿರಜಿನ ಬಾರ್ಶಿ ಲೈಟ್ ರೈಲೂ ಖಾಸಗಿ ಕಂಪನೀದ ಇತ್ತು. 1954ರಾಗ ಸರಕಾರದ್ದಾತು. ಮಾಲಕ ಬದಲಾದ, ಎರಡೂವರೆ ಫೂಟಿನ ಹಳಿ ಹಂಗ ಉಳೀತು."

"ಎಸ್‌ಟಿನೂ ಖಾಸಗಿಯವರು ತಗೊಂಡ್ರ?"

"ಪುಣೆ ಗಾಡಿ ಬಿಡ್ತಾರ."

"ಜತ್ತಿನ ಹಳ್ಳಿಗೆ?"

"ನಿನ್ನ ಮೋಟರ್‌ಸೈಕಲ್‌ನ್ಯಾಗ ಪೆಟ್ರೋಲ್ ಐತೇನು?"